ಕಡಲ ಮೀನಿಗೆ ನೊರೆಯ ಕಾವಲು

ನಮ್ಮ ಜನರ ಮಾತಿನಲ್ಲಿ ನೊರೆಗೆ ಮರ್ಯಾದೆ ಕಡಿಮೆ. ಕ್ಷಣಕಾಲ ಇದ್ದು ಇಲ್ಲವಾಗುವ ವಸ್ತುವನ್ನೆಲ್ಲ ನಾವು ನೀರಗುಳ್ಳೆಗೆ ಹೋಲಿಸುತ್ತೇವೆ. ಬರಿಯ ಮಾತಿನ ಮನುಷ್ಯನನ್ನು ಕಂಡರೆ ‘ಎಲ್ಲಾ ಬುರುಗು, ಒಳಗ ಏನೂ ಇಲ್ಲ’ ಎನ್ನುತ್ತೇವೆ. ಆದರೆ ಈ ಅಲ್ಪವಾದ ನೊರೆಯಿಂದಲೇ ಒಂದು ದೊಡ್ಡ ಉಪಕಾರ ನಡೆಯುತ್ತದೆ. ಕಡಲ ನೀರಿನ ಗಾಜಿನ ತೊಟ್ಟಿಯಲ್ಲಿ ಸಾಕಿದ ಮೀನುಗಳ ಪ್ರಾಣ ಈ ನೊರೆಯ ಮೇಲೆ ನಿಂತಿದೆ. ಆ ನೊರೆಯನ್ನು ಹುಟ್ಟಿಸಿ, ಅದರ ಜೊತೆಗೆ ನೀರಿನೊಳಗಿನ ಹೊಲಸನ್ನು ಹೊರಹಾಕುವ ಉಪಕರಣಕ್ಕೆ ‘ಪ್ರೊಟೀನ್ ಸ್ಕಿಮ್ಮರ್’ ಎಂದು ಹೆಸರು. ಅದನ್ನು ಆರಿಸಿ ಜೋಡಿಸುವ ಬಗೆಯನ್ನು ನನಗೆ ತಿಳಿದಷ್ಟರಮಟ್ಟಿಗೆ ವಿವರಿಸುವದೇ ಈ ಲೇಖನದ ಉದ್ದೇಶ.

ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುವ ಬಿ.ಎ. ವಿದ್ಯಾರ್ಥಿಗೂ ಕಡಲ ಮೀನಿಗೂ ಏನು ಸಂಬಂಧ ಎಂದು ವಾಚಕರು ಕೇಳಬಹುದು. ನನ್ನ ಸೋದರಮಾವನವರು ಬೈಲಹೊಂಗಲದಲ್ಲಿ ಬಣ್ಣದ ಮೀನು, ಗಾಜಿನ ತೊಟ್ಟಿ ಮಾರುವ ಸಣ್ಣ ಅಂಗಡಿ ಇಟ್ಟಿದ್ದಾರೆ. ಅವರ ಓದು ಏಳನೆಯ ಇಯತ್ತೆಗೆ ನಿಂತಿತು. ಯಂತ್ರಗಳ ಜೊತೆಗೆ ಬರುವ ಸೂಚನೆಯ ಕಾಗದ ಇಂಗ್ಲಿಷಿನಲ್ಲಿ ಇರುತ್ತದೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಆದುದರಿಂದ ಅದನ್ನು ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂದಿತು. ಎರಡು ಬೇಸಿಗೆಯ ಸೂಟಿಗಳಲ್ಲಿ ಮಾಮಾನ ಜೊತೆಗೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳಲ್ಲಿ ಇಂಥ ತೊಟ್ಟಿಗಳನ್ನು ಜೋಡಿಸಲು ಹೋಗಿದ್ದೆನು. ಕಾಗದದಲ್ಲಿ ಓದಿದ್ದಕ್ಕಿಂತ ಹೆಚ್ಚಿನದನ್ನು ಅಲ್ಲಿ ಕಣ್ಣಾರೆ ಕಂಡೆನು.

ಈ ನಾಲ್ಕು ಊರುಗಳೂ ಕಡಲಿಗೆ ದೂರ. ನಮ್ಮ ಸೀಮೆಯ ಮಲಪ್ರಭೆ ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುತ್ತಾಳೆ. ಪಡುವಣ ಕಡಲು ಅಲ್ಲಿಂದ ಘಟ್ಟದ ಕೆಳಗೇ ಇದ್ದರೂ ಅವಳು ಅತ್ತ ಇಳಿಯದೆ ಮೂಡಣಕ್ಕೆ ತಿರುಗಿ, ನವಿಲುತೀರ್ಥದಲ್ಲಿ ರೇಣುಕಾಸಾಗರವಾಗಿ ನಿಂತು, ರಾಮದುರ್ಗವನ್ನು ಹಾಯ್ದು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ಹೀಗೆ ನದಿಯೇ ಬೆನ್ನು ತಿರುಗಿಸಿದ ಪಡುವಣ ಕಡಲಿನ ಜೀವವನ್ನು ನಾವು ಬಯಲುಸೀಮೆಯ ಒಂದು ಕೋಣೆಗೆ ತರುತ್ತೇವೆ. ತಂದಮೇಲೆ ಕಡಲು ಅದಕ್ಕೆ ಮಾಡುತ್ತಿದ್ದ ಕೆಲಸವನ್ನೂ ನಾವೇ ಮಾಡಬೇಕಾಗುತ್ತದೆ. ಈ ಮಾತನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸುಲಭವಾಗುವದು.

ಹೊಲಸು ಎಲ್ಲಿಂದ ಬರುತ್ತದೆ?

ತೊಟ್ಟಿಯ ಮೀನು ತಿನ್ನುತ್ತದೆ, ವಿಸರ್ಜಿಸುತ್ತದೆ. ತಿನ್ನದೆ ಉಳಿದ ಆಹಾರ ಕಲ್ಲುಗಳ ಸಂದಿಯಲ್ಲಿ ಕೊಳೆಯುತ್ತದೆ. ಇವೆಲ್ಲವುಗಳಲ್ಲಿ ಪ್ರೊಟೀನು, ಕೊಬ್ಬು ಮೊದಲಾದ ಸಾವಯವ ವಸ್ತುಗಳಿರುತ್ತವೆ. ಅವು ನೀರಿನಲ್ಲಿ ಬೆರೆತಿದ್ದರೂ ಕಣ್ಣಿಗೆ ಕಾಣುವದಿಲ್ಲ. ನೀರು ಗಾಜಿನಂತೆ ತಿಳಿಯಾಗಿಯೇ ತೋರುತ್ತದೆ. ಅವುಗಳನ್ನು ಸೂಕ್ಷ್ಮಜೀವಿಗಳು ಒಡೆದಾಗ ಅಮೋನಿಯಾ ಹುಟ್ಟುತ್ತದೆ. ಅದು ಮೀನಿಗೆ ವಿಷ. ಬೇರೊಂದು ಜಾತಿಯ ಸೂಕ್ಷ್ಮಜೀವಿಗಳು ಅದನ್ನು ನೈಟ್ರೈಟಾಗಿಯೂ, ಮತ್ತೊಂದು ಜಾತಿಯವು ಆ ನೈಟ್ರೈಟನ್ನು ನೈಟ್ರೇಟಾಗಿಯೂ ಮಾರ್ಪಡಿಸುತ್ತವೆ. ಕೊನೆಯ ನೈಟ್ರೇಟು ಅಷ್ಟು ಘಾತಕವಲ್ಲ, ಆದರೆ ದಿನದಿನಕ್ಕೆ ಕೂಡುತ್ತ ಹೋಗುತ್ತದೆ. ಕಡಲ ನೀರು ಸ್ವಲ್ಪ ಕ್ಷಾರಗುಣದ್ದು. ಅದರ ಪಿ.ಎಚ್. ಸುಮಾರು ೮.೧ರಿಂದ ೮.೪ರವರೆಗೆ ಇರುತ್ತದೆ. ಇಂಥ ನೀರಿನಲ್ಲಿ ಅಮೋನಿಯಾದ ವಿಷರೂಪದ ಪಾಲು ಹೆಚ್ಚುವದರಿಂದ, ಸಿಹಿನೀರಿನ ಮೀನಿಗಿಂತ ಕಡಲ ಮೀನಿಗೆ ಅಪಾಯ ಹೆಚ್ಚು.

ಸಾಮಾನ್ಯ ಜರಡಿ ಅಥವಾ ಸ್ಪಂಜು ಕಣ್ಣಿಗೆ ಕಾಣುವ ಕಸವನ್ನು ಮಾತ್ರ ಹಿಡಿಯುತ್ತದೆ. ಹಿಡಿದ ಕಸವೂ ತೊಳೆಯುವವರೆಗೆ ನೀರಿನೊಳಗೇ ಕೊಳೆಯುತ್ತಿರುತ್ತದೆ. ನೊರೆಯಂತ್ರದ ವೈಶಿಷ್ಟ್ಯವೇನೆಂದರೆ, ಹೊಲಸು ಕೊಳೆಯುವದಕ್ಕಿಂತ ಮೊದಲೇ ಅದನ್ನು ನೀರಿನಿಂದ ಪೂರ್ತಿಯಾಗಿ ಹೊರಗೆ ತೆಗೆಯುತ್ತದೆ.

ಇದರ ಮರ್ಮ ನನಗೆ ಸ್ಪಷ್ಟವಾದದ್ದು ಯಂತ್ರದ ಕಾಗದದಿಂದಲ್ಲ, ನನ್ನ ತಂದೆಯವರ ಮಾತಿನಿಂದ. ನಮ್ಮದು ಕಬ್ಬು ಬೆಳೆಯುವ ಮನೆತನ. ತಂದೆಯವರು ಶಾಲೆ ಕಂಡವರಲ್ಲ, ಆದರೆ ಗಾಣದಲ್ಲಿ ಬೆಲ್ಲ ಇಳಿಸುವದರಲ್ಲಿ ಪಳಗಿದವರು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕಾಯುತ್ತಿರುವಾಗ ಅದಕ್ಕೆ ಸುಣ್ಣದ ತಿಳಿಯನ್ನೂ ಜಜ್ಜಿದ ಬೆಂಡಿಗಿಡದ ಲೋಳೆಯನ್ನೂ ಹಾಕುತ್ತಾರೆ. ಹಾಲಿನೊಳಗಿನ ಹೊಲಸೆಲ್ಲ ಬುರುಗಿನ ರೂಪದಿಂದ ಮೇಲಕ್ಕೆ ಬರುತ್ತದೆ. ಅದನ್ನು ತೂತುಗಳುಳ್ಳ, ಉದ್ದ ಹಿಡಿಕೆಯ ಸೌಟಿನಿಂದ ತೆಗೆಯುತ್ತಾರೆ. ನಾನು ಈ ಯಂತ್ರದ ವಿಷಯವನ್ನು ಮನೆಯಲ್ಲಿ ಹೇಳಿದಾಗ ಅವರು ಅಂದರು: “ಹೌದು ತಮ್ಮಾ, ಬುರುಗ ಮ್ಯಾಲ ಬಂದ ಹೊತ್ತಿಗೇ ತೆಗೀಬೇಕು. ಹೊತ್ತು ಮೀರಿತಂದ್ರ ಹೊಲಸ ಹಾಲಿನ್ಯಾಗ ಕರಗಿ ಕೂಡ್ರತೈತಿ. ಆಮ್ಯಾಲ ಅದು ಯಾ ಸೌಟಿಗೂ ಸಿಗೂದಿಲ್ಲ.”

ತೊಟ್ಟಿಯ ಶಾಸ್ತ್ರವೂ ಇಷ್ಟೇ. ಪ್ರೊಟೀನು ಪ್ರೊಟೀನಾಗಿ ಇರುವವರೆಗೆ ನೊರೆಗೆ ಸಿಗುತ್ತದೆ. ಒಮ್ಮೆ ಕೊಳೆತು ಅಮೋನಿಯಾ ಆಯಿತೆಂದರೆ ಅದು ಗುಳ್ಳೆಗೆ ಅಂಟುವದಿಲ್ಲ.

ಗುಳ್ಳೆಗೆ ಹೊಲಸು ಅಂಟುವದು ಹೇಗೆ?

ಪ್ರೊಟೀನಿನಂಥ ವಸ್ತುಗಳ ಅಣುವಿಗೆ ಎರಡು ಗುಣಗಳಿರುತ್ತವೆ. ಅದರ ಒಂದು ಭಾಗ ನೀರನ್ನು ಬಯಸುತ್ತದೆ, ಇನ್ನೊಂದು ಭಾಗ ನೀರಿನಿಂದ ದೂರವಾಗಲು ನೋಡುತ್ತದೆ. ಇಂಥ ಅಣುವಿಗೆ ನೀರು ಮತ್ತು ಗಾಳಿ ಕೂಡುವ ಗಡಿಯೇ ಹಿತವಾದ ಸ್ಥಳ. ಅಲ್ಲಿ ಒಂದು ಕಾಲು ನೀರಿನಲ್ಲಿ, ಒಂದು ಕಾಲು ಗಾಳಿಯಲ್ಲಿ ಇಟ್ಟುಕೊಂಡು ನಿಲ್ಲುತ್ತದೆ. ಗುಳ್ಳೆಯ ಮೈಯೆಂದರೆ ಇಂಥ ಗಡಿಯೇ. ಆದಕಾರಣ ನೀರಿನಲ್ಲಿ ಏರುವ ಪ್ರತಿಯೊಂದು ಗುಳ್ಳೆಯೂ ದಾರಿಯಲ್ಲಿ ಸಿಕ್ಕ ಹೊಲಸನ್ನು ತನ್ನ ಮೈಗೆ ಹಚ್ಚಿಕೊಂಡು ಮೇಲಕ್ಕೆ ಒಯ್ಯುತ್ತದೆ.

ನೀರಿನ ಮೇಲ್ಮೈಯ ಈ ರಹಸ್ಯವನ್ನು ಮೊದಲು ಅಳೆದು ನೋಡಿದವರಲ್ಲಿ ಒಬ್ಬಳು ಜರ್ಮನಿಯ ಆಗ್ನೆಸ್ ಪೊಕೆಲ್ಸ್ ಎಂಬ ಗೃಹಿಣಿ. ಅಂದಿನ ದಿನಗಳಲ್ಲಿ ಅಲ್ಲಿಯ ವಿಶ್ವವಿದ್ಯಾಲಯಗಳು ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ತಂದೆತಾಯಿಗಳ ಸೇವೆ ಮಾಡುತ್ತ, ಅಡಿಗೆಮನೆಯಲ್ಲಿಯೇ ಒಂದು ತಗಡಿನ ತಟ್ಟೆಯಲ್ಲಿ ನೀರು ತುಂಬಿ, ಎಣ್ಣೆ ಮೊದಲಾದ ವಸ್ತುಗಳು ನೀರಿನ ಮೇಲ್ಮೈಯನ್ನು ಹೇಗೆ ಮಾರ್ಪಡಿಸುತ್ತವೆಂಬುದನ್ನು ಅವಳು ಅಭ್ಯಸಿಸಿದಳು. ೧೮೯೧ರಲ್ಲಿ ಇಂಗ್ಲಂಡಿನ ಪ್ರಸಿದ್ಧ ವಿಜ್ಞಾನಿ ಲಾರ್ಡ್ ರೇಲೆಯವರಿಗೆ ಕಾಗದ ಬರೆದಳು. ಅವರು ಅದರ ಮಹತ್ವವನ್ನು ಅರಿತು ‘ನೇಚರ್’ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು. ಮುಂದೆ ೧೯೩೨ರಲ್ಲಿ ಅವಳಿಗೆ ಗೌರವ ಡಾಕ್ಟರೇಟ್ ದೊರೆಯಿತು. ಅಡಿಗೆಮನೆಯ ತಟ್ಟೆಯೂ ಗಾಣದ ಕೊಪ್ಪರಿಗೆಯೂ ನೋಡುವ ಕಣ್ಣಿದ್ದವರಿಗೆ ಪ್ರಯೋಗಶಾಲೆಯೇ ಆಗಬಲ್ಲವೆಂಬುದಕ್ಕೆ ಇದೊಂದು ಉದಾಹರಣೆ.

ಗುಳ್ಳೆಗಳು ಸಣ್ಣವಾದಷ್ಟೂ ಕೆಲಸ ಹೆಚ್ಚು. ಇದನ್ನು ಲೆಕ್ಕದಿಂದ ತೋರಿಸಬಹುದು. ಒಂದು ಲೀಟರ್ ಗಾಳಿಯನ್ನು ಒಂದು ಸೆಂಟಿಮೀಟರ್ ಅಡ್ಡಳತೆಯ ಗುಳ್ಳೆಗಳಾಗಿ ಒಡೆದರೆ ಅವುಗಳ ಒಟ್ಟು ಮೈ ೦.೬ ಚದರ ಮೀಟರ್ ಆಗುತ್ತದೆ. ಅದೇ ಗಾಳಿಯನ್ನು ಅರ್ಧ ಮಿಲಿಮೀಟರಿನ ಗುಳ್ಳೆಗಳಾಗಿ ಒಡೆದರೆ ೧೨ ಚದರ ಮೀಟರ್ ಆಗುತ್ತದೆ. ಅಂದರೆ ಹತ್ತು ಅಡಿ ಅಗಲ, ಹದಿಮೂರು ಅಡಿ ಉದ್ದದ ಒಂದು ಕೋಣೆಯ ನೆಲದಷ್ಟು! ಗಾಳಿ ಅಷ್ಟೇ, ಮೈ ಮಾತ್ರ ಇಪ್ಪತ್ತು ಪಟ್ಟು.

ಹಾಗಾದರೆ ಇದನ್ನು ಸಿಹಿನೀರಿನ ತೊಟ್ಟಿಗೂ ಏಕೆ ಹಚ್ಚಬಾರದು? ಇದಕ್ಕೆ ಉತ್ತರ ಉಪ್ಪಿನಲ್ಲಿದೆ. ಸಿಹಿನೀರಿನಲ್ಲಿ ಸಣ್ಣ ಗುಳ್ಳೆಗಳು ಒಂದಕ್ಕೊಂದು ತಾಗಿದೊಡನೆ ಕೂಡಿ ದೊಡ್ಡವಾಗುತ್ತವೆ. ಕಡಲ ನೀರಿನ ಉಪ್ಪು ಅವು ಹಾಗೆ ಕೂಡದಂತೆ ತಡೆಯುತ್ತದೆ. ಕಾರವಾರದ ದಂಡೆಯಲ್ಲಿ ತೆರೆ ಒಡೆದಾಗ ಬಿಳಿಯ ನೊರೆ ಮರಳಿನ ಮೇಲೆ ಬಹಳ ಹೊತ್ತು ನಿಲ್ಲುತ್ತದೆ. ತೆರೆಗಳು ಗಾಳಿಯನ್ನು ನೀರಿನಲ್ಲಿ ಕಲಸಿ, ನೊರೆಯೆಬ್ಬಿಸಿ, ಅದನ್ನು ದಂಡೆಗೆ ಚೆಲ್ಲುತ್ತವೆ. ಯಂತ್ರವು ಅದೇ ಕೆಲಸವನ್ನು ಒಂದು ಕೊಳವೆಯಲ್ಲಿ ಮಾಡುತ್ತದೆ. ತೊಟ್ಟಿಗಳಲ್ಲಿ ಇದರ ಉಪಯೋಗ ೧೯೬೦ರ ದಶಕದಲ್ಲಿ ಜರ್ಮನಿಯಲ್ಲಿ ಬೆಳೆಯಿತು.

ಆರಿಸುವ ಬಗೆ

ಯಂತ್ರದ ರಚನೆ ಸರಳವಾದದ್ದು. ಕೆಳಗೆ ನೀರೂ ಗಾಳಿಯೂ ಕೂಡುವ ಅಗಲವಾದ ಕೊಳವೆ, ಅದರ ಮೇಲೆ ಕಿರಿದಾದ ಕುತ್ತಿಗೆ, ಕುತ್ತಿಗೆಯ ಸುತ್ತ ಹೊಲಸು ಕೂಡುವ ಬಟ್ಟಲು. ನೊರೆ ಕುತ್ತಿಗೆಯಲ್ಲಿ ಏರುತ್ತ ನೀರನ್ನು ಬಸಿದುಕೊಂಡು, ದಪ್ಪವಾಗಿ, ಕೊನೆಗೆ ಬಟ್ಟಲಿಗೆ ಬೀಳುತ್ತದೆ. ಅಲ್ಲಿ ಕೂಡುವದು ಕಡು ಚಹದ ಬಣ್ಣದ, ಮೂಗು ಮುಚ್ಚಿಕೊಳ್ಳುವಂಥ ವಾಸನೆಯ ದ್ರವ.

ಗಾಳಿಯನ್ನು ಒಡೆಯುವ ಪದ್ಧತಿಯಿಂದ ಮೂರು ಮುಖ್ಯ ಬಗೆಗಳಾಗುತ್ತವೆ. ಮೊದಲನೆಯದು ಗಾಳಿಪಂಪಿಗೆ ಕಟ್ಟಿಗೆಯ ಅಥವಾ ಕಲ್ಲಿನ ರಂಧ್ರಗೋಲಿ ಜೋಡಿಸಿದ್ದು. ಇದು ಅಗ್ಗವಾದದ್ದು, ಆದರೆ ಗೋಲಿಯ ರಂಧ್ರಗಳು ಮುಚ್ಚಿಕೊಳ್ಳುವದರಿಂದ ಆಗಾಗ ಬದಲಿಸಬೇಕು. ಎರಡನೆಯದು ವೆಂಚುರಿ. ಇದರಲ್ಲಿ ನೀರು ಇಕ್ಕಟ್ಟಾದ ಬಾಯಿಯೊಳಗಿಂದ ವೇಗವಾಗಿ ಹಾಯುವಾಗ ತಾನೇ ಗಾಳಿಯನ್ನು ಎಳೆದುಕೊಳ್ಳುತ್ತದೆ. ಮೂರನೆಯದು ಸೂಜಿಚಕ್ರದ್ದು. ಇದರ ಪಂಪಿನ ಚಕ್ರಕ್ಕೆ ಎಲೆಗಳ ಬದಲು ಸಣ್ಣ ಸಣ್ಣ ಸೂಜಿಯಂಥ ಕಡ್ಡಿಗಳಿದ್ದು, ಅವು ಗಾಳಿಯನ್ನು ಹಾಲಿನಂಥ ಬಿಳಿಯ ಗುಳ್ಳೆಗಳಾಗಿ ಕಡೆಯುತ್ತವೆ. ಇಂದು ಮನೆಯ ತೊಟ್ಟಿಗಳಿಗೆ ಹೆಚ್ಚಾಗಿ ಬಳಕೆಯಲ್ಲಿರುವದು ಈ ಮೂರನೆಯ ಬಗೆಯೇ. ಕಡಿಮೆ ವಿದ್ಯುತ್ತಿನಲ್ಲಿ ಹೆಚ್ಚು ಕೆಲಸ ಮಾಡುವದರಿಂದ ನಮ್ಮವರಿಗೂ ಇದೇ ಒಳ್ಳೆಯದು. ಹದಿನೈದು ವ್ಯಾಟಿನ ಪಂಪು ಹಗಲಿರುಳು ನಡೆದರೆ ದಿನಕ್ಕೆ ೦.೩೬ ಯುನಿಟ್, ತಿಂಗಳಿಗೆ ಹನ್ನೊಂದು ಯುನಿಟ್ಟಿಗೂ ಕಡಿಮೆ.

ಇನ್ನು ಗಾತ್ರ. ಮೊದಲು ತೊಟ್ಟಿಯ ನೀರನ್ನು ಅಳೆಯಬೇಕು. ನಾಲ್ಕು ಅಡಿ ಉದ್ದದ ಸಾಮಾನ್ಯ ತೊಟ್ಟಿಯನ್ನು ತೆಗೆದುಕೊಳ್ಳೋಣ. ಉದ್ದ ೧೨೦, ಅಗಲ ೪೫, ಎತ್ತರ ೪೫ ಸೆಂಟಿಮೀಟರ್. ಇವನ್ನು ಗುಣಿಸಿ ಸಾವಿರದಿಂದ ಭಾಗಿಸಿದರೆ ೨೪೩ ಲೀಟರ್ ಬರುತ್ತದೆ. ಕೆಳಗಿನ ಸಂಪಿನಲ್ಲಿ ಸುಮಾರು ೫೦ ಲೀಟರ್ ಇರಬಹುದು. ಕಲ್ಲು, ಮರಳುಗಳು ಆಕ್ರಮಿಸಿದ ಸ್ಥಳವನ್ನು ಕಳೆದರೆ ಒಟ್ಟು ನೀರು ೨೬೦-೨೭೦ ಲೀಟರ್ ಎಂದು ಹಿಡಿಯಬಹುದು. ಡಬ್ಬಿಯ ಮೇಲೆ ತಯಾರಕರು ಬರೆದ ಅಳತೆ ಸಾಮಾನ್ಯವಾಗಿ ಉದಾರವಾಗಿಯೇ ಇರುತ್ತದೆ, ಮೀನು ಕಡಿಮೆಯಿದ್ದಾಗಿನ ಲೆಕ್ಕ ಅದು. ಆದುದರಿಂದ ೨೭೦ ಲೀಟರಿನ ತೊಟ್ಟಿಗೆ ೪೦೦-೫೦೦ ಲೀಟರಿನದೆಂದು ಬರೆದ ಯಂತ್ರ ಒಪ್ಪುತ್ತದೆ. ಹಾಗೆಂದು ಸಾವಿರ ಲೀಟರಿನದನ್ನು ತರಬಾರದು. ಮಿತಿಮೀರಿ ದೊಡ್ಡದಾದರೆ ಅದರ ಅಗಲವಾದ ಕುತ್ತಿಗೆಯಲ್ಲಿ ನೊರೆ ನಿಲ್ಲುವಷ್ಟು ಹೊಲಸೇ ನೀರಿನಲ್ಲಿ ಇರುವದಿಲ್ಲ. ನೊರೆ ಏರಿ ಏರಿ ಇಳಿಯುತ್ತದೆ, ಬಟ್ಟಲು ಬರಿದಾಗಿ ಉಳಿಯುತ್ತದೆ.

ಯಂತ್ರ ತರುವ ಮೊದಲು ಟೇಪು ಹಿಡಿದು ಸ್ಥಳವನ್ನೂ ಅಳೆಯಬೇಕು. ತೊಟ್ಟಿಯ ಕೆಳಗಿನ ಕಪಾಟಿನಲ್ಲಿ ಯಂತ್ರ ಹಿಡಿದರೆ ಸಾಲದು, ಅದರ ಬಟ್ಟಲನ್ನು ಮೇಲಕ್ಕೆತ್ತಿ ಹೊರಗೆ ತೆಗೆಯುವಷ್ಟು ತೆರವು ಇರಬೇಕು. ಬಟ್ಟಲು ತೆಗೆಯುವದು ಕಷ್ಟವಾದರೆ ಅದನ್ನು ತೊಳೆಯುವದು ತಪ್ಪುತ್ತದೆ. ಸಂಪು ಇಲ್ಲದವರಿಗೆ ತೊಟ್ಟಿಯ ಹಿಂಬದಿಗೆ ತೂಗುಹಾಕುವ ಬಗೆಯೂ ಉಂಟು.

ಬೆಲೆಯ ಮಾತು ಬಂದಾಗ ಜನ ಹಿಂದೆ ಸರಿಯುತ್ತಾರೆ. ಯಂತ್ರದ ಬೆಲೆ ಕೆಲವು ಸಾವಿರ ರೂಪಾಯಿಗಳಿಂದ ಹಲವು ಹತ್ತು ಸಾವಿರದವರೆಗೆ ಇದೆ. ಕೊಳ್ಳುವವರು ಬಣ್ಣದ ದೀಪಕ್ಕೆ ಕೊಡುತ್ತಾರೆ, ಮೀನಿಗೆ ಕೊಡುತ್ತಾರೆ. ಕಪಾಟಿನೊಳಗೆ ಅಡಗಿ ಕುಳಿತು ಹೊಲಸು ಕೂಡಿಸುವ ಪ್ಲಾಸ್ಟಿಕ್ಕಿನ ಕೊಳವೆಗೆ ಕೊಡಲು ಅವರಿಗೆ ಮನಸ್ಸು ಬಾರದು. ಮಾಮಾ ಮಾತ್ರ ಒಂದು ನೇಮ ಇಟ್ಟುಕೊಂಡಿದ್ದಾರೆ. ದೊಡ್ಡ ತೊಟ್ಟಿಗೆ ಯಂತ್ರವಿಲ್ಲದೆ ಕಡಲ ಮೀನು ಕೊಡುವದಿಲ್ಲ. ಇದರಿಂದ ಗಿರಾಕಿಗಳು ಬೇರೆ ಪಟ್ಟಣದ ಅಂಗಡಿಗಳಿಗೆ ಹೋದದ್ದುಂಟು. ಒಮ್ಮೆ ನಾನು, “ಮಾಮಾ, ಅವರು ಹೆಂಗೂ ಎಲ್ಲಾದರೂ ತಗೊಂತಾರಲ್ಲ, ನಾವೇ ಕೊಟ್ರ ಏನಾತು?” ಎಂದು ಕೇಳಿದೆ. ಅವರು ಅಂದರು: “ಅಳಿಯಾ, ಬದುಕೂ ಮೀನ ಮಾರೂದು ವ್ಯಾಪಾರ. ಸಾಯತೈತಿ ಅಂತ ಗೊತ್ತಿದ್ದೂ ಮಾರಿದ್ರ ಅದಕ್ಕ ಬ್ಯಾರೇನ ಹೆಸರೈತಿ.” ಅಂಗಡಿಯ ಬಾಡಿಗೆ ಪ್ರತಿ ತಿಂಗಳೂ ಬರುತ್ತದೆಂಬುದನ್ನು ಬಲ್ಲ ನನಗೆ, ಈ ಮಾತಿನ ಬೆಲೆ ಎಷ್ಟೆಂಬುದೂ ಗೊತ್ತು.

ಯಂತ್ರ ಕೊಳ್ಳುವ ಶಕ್ತಿ ಇಲ್ಲದವರಿಗೂ ದಾರಿ ಇಲ್ಲದಿಲ್ಲ. ನೂರು ಲೀಟರಿಗಿಂತ ಸಣ್ಣ ತೊಟ್ಟಿಯಲ್ಲಿ ಒಂದೆರಡೇ ಸಣ್ಣ ಮೀನುಗಳನ್ನಿಟ್ಟು, ವಾರಕ್ಕೊಮ್ಮೆ ಹತ್ತರಿಂದ ಇಪ್ಪತ್ತು ಪ್ರತಿಶತ ನೀರು ಬದಲಿಸಿದರೆ ಯಂತ್ರವಿಲ್ಲದೆಯೂ ಸಾಗುತ್ತದೆ. ಅಂದರೆ ಯಂತ್ರದ ದುಡಿಮೆಯನ್ನು ಕೈಯಿಂದ ಮಾಡಬೇಕು, ಇಷ್ಟೇ.

ಜೋಡಿಸುವ ಬಗೆ

ಮೊದಲು ನೀರು. ಕಡಲಿಂದ ನೀರು ಹೊತ್ತು ತರುವದು ನಮಗೆ ಸಾಧ್ಯವಲ್ಲ. ಅಡಿಗೆಯ ಉಪ್ಪಿನಿಂದಲೂ ಕಡಲಾಗದು. ಕಡಲ ನೀರಿನ ಎಲ್ಲ ಲವಣಗಳನ್ನು ಕೂಡಿಸಿದ ಉಪ್ಪು ಚೀಲಗಳಲ್ಲಿ ಸಿಗುತ್ತದೆ. ಒಂದು ಲೀಟರಿಗೆ ಸುಮಾರು ೩೫ ಗ್ರಾಂ ಲೆಕ್ಕದಿಂದ ೨೭೦ ಲೀಟರಿಗೆ ಒಂಬತ್ತೂವರೆ ಕಿಲೋ ಬೇಕು. ಸಾಂದ್ರತಾಮಾಪಕದಲ್ಲಿ ೧.೦೨೫ರ ಸುಮಾರಿಗೆ ನಿಲ್ಲಬೇಕು. ಬೋರಿನ ಗಡಸು ನೀರನ್ನು ಇದಕ್ಕೆ ಬಳಸಬಾರದು. ಆರ್.ಓ. ಯಂತ್ರದಿಂದ ಶುದ್ಧಮಾಡಿದ ನೀರೇ ಆಗಬೇಕು. ಮೀನು ಬಿಡುವ ಮೊದಲು ಕಲ್ಲು ಮರಳುಗಳಲ್ಲಿ ಉಪಕಾರಿ ಸೂಕ್ಷ್ಮಜೀವಿಗಳು ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಕಾಯುವದೂ ಅವಶ್ಯ.

ಯಂತ್ರವನ್ನು ವಿನೆಗರ್ ಬೆರೆಸಿದ ನೀರಿನಿಂದ ತೊಳೆದು, ಶುದ್ಧ ನೀರಿನಿಂದ ಜಾಲಿಸಬೇಕು. ಸಾಬೂನು ಮಾತ್ರ ಮುಟ್ಟಿಸಬಾರದು. ಸಾಬೂನಿನ ಅಂಶ ಉಳಿದರೆ ನೊರೆ ಹದ್ದುಮೀರಿ ಉಕ್ಕುತ್ತದೆ, ಮೀನಿಗೂ ಅಪಾಯ. ಆಮೇಲೆ ಅದನ್ನು ಸಂಪಿನಲ್ಲಿ ತೊಟ್ಟಿಯ ನೀರು ಬಂದು ಬೀಳುವ ಮೊದಲ ಮನೆಯಲ್ಲಿ, ಸಮತಟ್ಟಾದ ತಳದ ಮೇಲೆ ಇಡಬೇಕು. ಹೊಲಸು ನೀರು ಮೊದಲು ಯಂತ್ರಕ್ಕೆ ಸಿಕ್ಕು, ಬಳಿಕ ಮೇಲಕ್ಕೆ ಹೋಗುವ ಪಂಪಿಗೆ ಮುಟ್ಟಬೇಕು.

ಯಂತ್ರ ನಿಂತ ಮನೆಯ ನೀರಿನ ಆಳ ಬಹಳ ಮಹತ್ವದ್ದು. ಪ್ರತಿಯೊಂದು ಯಂತ್ರಕ್ಕೂ ಇಷ್ಟು ಸೆಂಟಿಮೀಟರ್ ಆಳವೆಂದು ಕಾಗದದಲ್ಲಿ ಬರೆದಿರುತ್ತದೆ. ಆಳ ಹೆಚ್ಚಾದರೆ ನೊರೆ ನೀರುನೀರಾಗಿ ಉಕ್ಕುತ್ತದೆ, ಕಡಿಮೆಯಾದರೆ ಏರುವದೇ ಇಲ್ಲ. ಆಳ ಹೆಚ್ಚಿದ್ದಲ್ಲಿ ಯಂತ್ರದ ಕೆಳಗೆ ಪ್ಲಾಸ್ಟಿಕ್ಕಿನ ಪೀಠ ಕೊಟ್ಟು ಎತ್ತರಿಸಬೇಕು. ಆ ಮನೆಯ ನೀರಿನ ಮಟ್ಟ ದಿನವೂ ಒಂದೇ ಇರುವಂತೆ ನಡುವೆ ಗಾಜಿನ ಅಡ್ಡಗೋಡೆ ಇರಬೇಕು. ಗಾಳಿ ಎಳೆಯುವ ನಳಿಗೆಯ ಬಾಯಿ ನೀರಿಗಿಂತ ಮೇಲೆ ಇರಬೇಕು.

ಮೊದಲ ಸಲ ನಡೆಸುವಾಗ ನೀರು ಹೊರಹೋಗುವ ತಿರುಪನ್ನು ಪೂರ್ತಿ ತೆರೆದಿಡಬೇಕು. ಹೊಸ ಪ್ಲಾಸ್ಟಿಕ್ಕಿನ ಮೇಲೆ ತಯಾರಿಕೆಯ ಎಣ್ಣೆಯಂಶ ಇರುವದರಿಂದ ಮೊದಲ ಮೂರು-ನಾಲ್ಕು ದಿನ, ಕೆಲವೊಮ್ಮೆ ಎರಡು ವಾರ, ನೊರೆ ಸರಿಯಾಗಿ ಕಟ್ಟುವದಿಲ್ಲ. ಈ ಅವಧಿಯಲ್ಲಿ ಯಂತ್ರ ಕೆಟ್ಟಿದೆಯೆಂದು ಗಾಬರಿಯಾಗಿ ದಿನಕ್ಕೆ ಹತ್ತು ಸಲ ತಿರುಪು ತಿರುವುವವರೇ ಹೆಚ್ಚು. ತಾಳ್ಮೆಯೇ ಇದರ ಔಷಧ. ಬಳಿಕ ತಿರುಪನ್ನು ದಿನಕ್ಕೆ ಸ್ವಲ್ಪ ಸ್ವಲ್ಪ ಮುಚ್ಚುತ್ತ, ಗುಳ್ಳೆಗಳೂ ನೀರೂ ಬೇರೆಯಾಗುವ ಗೆರೆ ಕುತ್ತಿಗೆಯ ಬುಡಕ್ಕೆ ಬಂದು ನಿಲ್ಲುವಂತೆ ಮಾಡಬೇಕು. ತೆಳುವಾದ ಹೊಲಸು ಹೆಚ್ಚು ಬಂದರೆ ಗೆರೆಯನ್ನು ತುಸು ಇಳಿಸಬೇಕು. ತೀರ ಒಣಗಿ ಕುತ್ತಿಗೆಗೇ ಮೆತ್ತಿಕೊಂಡರೆ ತುಸು ಏರಿಸಬೇಕು.

ವಾರಕ್ಕೆ ಎರಡು ಸಲ ಬಟ್ಟಲು ಬರಿದುಮಾಡಿ, ಕುತ್ತಿಗೆಯ ಒಳಮೈಯನ್ನು ಒರೆಸಬೇಕು. ಅಲ್ಲಿ ಜಿಡ್ಡು ಕಟ್ಟಿದರೆ ನೊರೆ ಅದಕ್ಕೆ ತಾಗಿದೊಡನೆ ಒಡೆಯುತ್ತದೆ. ಗಾಳಿಯ ನಳಿಗೆಯ ಬಾಯಿಯಲ್ಲಿ ಉಪ್ಪು ಹೆಪ್ಪುಗಟ್ಟುತ್ತದೆ, ಬಿಸಿನೀರು ಹಾಯಿಸಿದರೆ ಕರಗುತ್ತದೆ. ಕೆಲವು ತಿಂಗಳಿಗೊಮ್ಮೆ ಪಂಪನ್ನು ಬಿಚ್ಚಿ ವಿನೆಗರಿನಲ್ಲಿ ನೆನೆಸಿ ಸುಣ್ಣದ ಪದರು ತೆಗೆಯಬೇಕು.

ನಮ್ಮ ಸೀಮೆಯ ವಿಶೇಷ ತೊಂದರೆಗಳು

ಕಾಗದದಲ್ಲಿ ಬರೆಯದ ಎರಡು ಸಂಗತಿಗಳನ್ನು ನಾವು ಅನುಭವದಿಂದ ತಿಳಿಯಬೇಕಾಯಿತು. ಮೊದಲನೆಯದು ಕರೆಂಟು. ಕರೆಂಟು ಹೋದಾಗ ಪಂಪು ನಿಂತು, ಮೇಲಿನ ತೊಟ್ಟಿಯ ಸ್ವಲ್ಪ ನೀರು ಸಂಪಿಗೆ ಇಳಿಯುತ್ತದೆ. ಯಂತ್ರ ಮುಳುಗುತ್ತದೆ. ಕರೆಂಟು ಬಂದೊಡನೆ ಅದು ಆಳದ ನೀರಿನಲ್ಲಿ ನಡೆಯತೊಡಗಿ, ಬಟ್ಟಲಿನ ಹೊಲಸನ್ನೆಲ್ಲ ತಿರುಗಿ ನೀರಿಗೇ ಚೆಲ್ಲುತ್ತದೆ! ಇದಕ್ಕೆ ಮೂರು ಉಪಾಯಗಳಿವೆ. ಇಳಿದ ನೀರು ಹಿಡಿಯುವಷ್ಟು ಸಂಪನ್ನು ಖಾಲಿ ಬಿಡಬೇಕು. ಕರೆಂಟು ಬಂದ ಹತ್ತು ನಿಮಿಷದ ಮೇಲೆ ಯಂತ್ರ ಸುರುವಾಗುವಂತೆ ಟೈಮರ್ ಹಚ್ಚಬೇಕು. ಬಟ್ಟಲಿನಿಂದ ಒಂದು ನಳಿಗೆಯನ್ನು ಹೊರಗಿನ ಬಾಟಲಿಗೆ ಬಿಡಬೇಕು. ಇದಲ್ಲದೆ ಬ್ಯಾಟರಿಯಿಂದ ನಡೆಯುವ ಸಣ್ಣ ಗಾಳಿಪಂಪೊಂದು ಕೈಯಲ್ಲಿರಬೇಕು. ಮೀನು ಹೊಲಸನ್ನು ಕೆಲವು ದಿನ ತಾಳೀತು, ಉಸಿರಿಲ್ಲದೆ ಕೆಲವು ತಾಸೂ ತಾಳದು.

ಎರಡನೆಯದು ಬಿಸಿಲು. ಬೇಸಿಗೆಯಲ್ಲಿ ರಾಮದುರ್ಗದ ಕಡೆಗೆ ಉಷ್ಣತೆ ೪೦ ಡಿಗ್ರಿಯ ಹತ್ತಿರ ಬರುತ್ತದೆ. ಕಡಲ ಮೀನಿಗೆ ಬೇಕಾದದ್ದು ೨೫-೨೬ ಡಿಗ್ರಿಯ ನೀರು. ನೀರು ಕಾಯ್ದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ, ಹೊಲಸು ಕೊಳೆಯುವ ವೇಗ ಹೆಚ್ಚು. ಯಂತ್ರ ಹೊಲಸು ತೆಗೆಯುವದರ ಜೊತೆಗೆ ನೀರಿಗೆ ಗಾಳಿಯನ್ನೂ ಕಲಸುವದರಿಂದ ಬೇಸಿಗೆಯಲ್ಲಿ ಅದರ ಉಪಕಾರ ಇಮ್ಮಡಿ. ಆದರೂ ನೀರಿನ ಮೇಲೆ ಸಣ್ಣ ಫ್ಯಾನು ಬೀಸುವಂತೆ ಇಡುವದು, ಸಾಧ್ಯವಿದ್ದರೆ ಶೀತಕ ಹಚ್ಚುವದು ಅವಶ್ಯ. ಫ್ಯಾನಿನಿಂದ ನೀರು ಆರುತ್ತದೆ, ಉಪ್ಪು ಉಳಿಯುತ್ತದೆ. ಆದಕಾರಣ ದಿನವೂ ತುಂಬಿಸಬೇಕಾದದ್ದು ಶುದ್ಧ ಸಿಹಿನೀರು, ಉಪ್ಪುನೀರಲ್ಲ. ಇದಕ್ಕೆ ವ್ಯತಿರಿಕ್ತವಾಗಿ, ಯಂತ್ರದ ಬಟ್ಟಲಿಗೆ ಬೀಳುವ ದ್ರವದಲ್ಲಿ ಉಪ್ಪು ಹೋಗುತ್ತಿರುತ್ತದೆ. ವಾರಕ್ಕೊಮ್ಮೆ ಸಾಂದ್ರತೆ ನೋಡಿ ಎರಡನ್ನೂ ತೂಗಿಸಬೇಕು.

ರಾಮದುರ್ಗದಲ್ಲಿ ಒಬ್ಬ ನಿವೃತ್ತ ಮಾಸ್ತರರ ಮನೆಗೆ ನಾವು ಹೋದದ್ದನ್ನು ಇಲ್ಲಿ ಹೇಳಬೇಕು. ಅವರು ಬೇರೊಂದು ಊರಿನ ಅಂಗಡಿಯಿಂದ ದೀಪ, ಮೀನುಗಳ ಸಹಿತ ತೊಟ್ಟಿ ತರಿಸಿದ್ದರು. ಯಂತ್ರ ಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಮೂರು ವಾರಗಳಲ್ಲಿ ಆರು ಮೀನುಗಳಲ್ಲಿ ನಾಲ್ಕು ಸತ್ತಿದ್ದವು. ಅವರು ದುಡ್ಡಿನ ಮಾತು ಎತ್ತಲಿಲ್ಲ. “ನಮ್ಮ ಊರ ಹವಾ ಅವಕ್ಕ ಹಿಡೀಲಿಲ್ಲ ಕಾಣತೈತಿ” ಎಂದಷ್ಟೇ ಅಂದರು. ನೀರು ನೋಡಲು ತಿಳಿಯಾಗಿಯೇ ಇತ್ತು, ಮೇಲೆ ಮಾತ್ರ ತೆಳುವಾದ ಜಿಡ್ಡಿನ ಪೊರೆ. ಮಾಮಾ ಮೂರನೆಯ ಒಂದು ಪಾಲು ನೀರು ಬದಲಿಸಿ, ಯಂತ್ರ ಜೋಡಿಸಿ, ಎರಡು ತಿಂಗಳು ಹೊಸ ಮೀನು ತರಬಾರದೆಂದು ಹೇಳಿ ಬಂದರು. ಹತ್ತು ದಿನಗಳ ಮೇಲೆ ಹೋದಾಗ ಮಾಸ್ತರರು ಕಪ್ಪು ದ್ರವ ತುಂಬಿದ ಬಟ್ಟಲನ್ನು ಎರಡೂ ಕೈಗಳಲ್ಲಿ ಹಿಡಿದು, “ಇಷ್ಟೂ ಹೊಲಸು ಆ ತಿಳಿ ನೀರಿನ್ಯಾಗ ಇತ್ತೇನಪಾ?” ಎಂದರು. ಉಳಿದ ಎರಡು ಮೀನುಗಳು ಇನ್ನೂ ಇವೆ.

ಯಂತ್ರದ ಮಿತಿ

ಯಂತ್ರ ಬಂದಿತೆಂದು ಮಿಕ್ಕ ಕೆಲಸ ಬಿಡುವಂತಿಲ್ಲ. ಆಗಲೇ ಹುಟ್ಟಿದ ಅಮೋನಿಯಾ, ನೈಟ್ರೇಟುಗಳನ್ನು ಅದು ತೆಗೆಯಲಾರದು. ಅವುಗಳಿಗೆ ಕಲ್ಲಿನೊಳಗಿನ ಸೂಕ್ಷ್ಮಜೀವಿಗಳು ಬೇಕು, ಹದಿನೈದು ದಿನಕ್ಕೊಮ್ಮೆ ಹತ್ತು-ಹದಿನೈದು ಪ್ರತಿಶತ ನೀರು ಬದಲಿಸುವದು ಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಕೈ ಬಿಗಿಹಿಡಿದು ಆಹಾರ ಹಾಕುವದು ಬೇಕು. ಪ್ರೀತಿಯಿಂದ ಹೆಚ್ಚು ಹಾಕಿದ ಆಹಾರವೇ ಮರುದಿನದ ವಿಷ.

ಮೀನು ಆರಿಸುವಾಗಲೂ ವಿವೇಕ ಬೇಕು. ನಮ್ಮ ಕಡಲಿನ ಹವಳ, ಕಡಲಕುದುರೆಗಳಿಗೆ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಿದೆ. ಅವನ್ನು ಹಿಡಿಯುವದೂ ಮಾರುವದೂ ಅಪರಾಧ. ಕೇಸರಿ ಮೈಗೆ ಬಿಳಿ ಪಟ್ಟೆಯುಳ್ಳ ಕ್ಲೌನ್ ಮೀನುಗಳನ್ನು ತೊಟ್ಟಿಯಲ್ಲಿಯೇ ಮರಿಮಾಡಿಸುವ ವಿಧಾನವನ್ನು ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ರೂಢಿಸಿದ್ದಾರೆ. ಹೀಗೆ ಮರಿಮಾಡಿದ ಮೀನನ್ನೇ ಕೇಳಿ ಕೊಳ್ಳುವದು ಉಚಿತ.

ಕಡಲಿನಲ್ಲಿ ಮೀನಿಗೆ ನಮ್ಮ ಅವಶ್ಯಕತೆ ಇರಲಿಲ್ಲ. ಅಲ್ಲಿ ತೆರೆಗಳು ಯಾರೂ ಹೇಳದೆಯೇ ಹಗಲಿರುಳು ಅದರ ನೀರನ್ನು ತೊಳೆಯುತ್ತಿದ್ದವು. ನಮ್ಮ ಸಂತೋಷಕ್ಕಾಗಿ ಒಂದು ಜೀವವನ್ನು ಘಟ್ಟ ಹತ್ತಿಸಿ ತಂದ ಬಳಿಕ ತೆರೆಯ ದುಡಿಮೆಯನ್ನು ನಾವು ವಹಿಸಿಕೊಂಡಂತಾಯಿತು. ಅದನ್ನು ಹೊರಲಾರೆನೆಂದು ಕಂಡವನು ಮೀನನ್ನು ತರದಿರುವದೇ ಲೇಸು. ಹೊರುತ್ತೇನೆಂದವನು ದೀಪಕ್ಕಿಂತ ಮೊದಲು, ಮೀನಿಗಿಂತ ಮೊದಲು, ನೊರೆಯಂತ್ರವನ್ನು ತರಲಿ. ಅದರ ಬಟ್ಟಲನ್ನು ವಾರಕ್ಕೆರಡು ಸಲ ತನ್ನ ಕೈಯಿಂದ ತೊಳೆಯಲಿ.